ಲುಕಾ ಸಾವಿಚ್ ಮತ್ತು ಇಲಿ ತಿಂದ ಚೀಟಿಗಳು

ಲುಕಾ ಸಾವಿಚ್ ಚುಮಾಕ್ ಸಿನಿಮಾ ನಿರ್ದೇಶಕರಾದದ್ದು ಒಂದು ಟೋಪಿಯ ದೆಸೆಯಿಂದ. ಇದನ್ನು ಅವರು ಯಾವ ಭಾಷಣದಲ್ಲೂ ಹೇಳಲಿಲ್ಲ, ಯಾವ ಅರ್ಜಿಯಲ್ಲೂ ಬರೆಯಲಿಲ್ಲ. ನನಗೆ ಗೊತ್ತಿರುವುದು ಯಾಕೆಂದರೆ ಆ ದಿನ ಬಂದರಿನಲ್ಲಿ ನಾನೂ ಇದ್ದೆ.

1920ರ ಚಳಿಗಾಲ. ಕ್ರಾಂತಿಯ ವಿರುದ್ಧ ಹೋರಾಡುತ್ತಿದ್ದ ಬಿಳಿ ಸೈನ್ಯ ಒದೆಸ್ಸಾ ಬಿಟ್ಟು ಓಡುತ್ತಿತ್ತು. ಅದರ ಹಿಂದೆಯೇ ನಮ್ಮ ಚಿತ್ರ ಕಾರ್ಖಾನೆಯ ಯಜಮಾನರು, ಮೂವರು ನಿರ್ದೇಶಕರು, ಇಬ್ಬರು ನಾಯಕಿಯರು ಮತ್ತು ಆ ನಾಯಕಿಯರ ಐದು ನಾಯಿಗಳು ಕಾನ್‌ಸ್ಟಾಂಟಿನೋಪಲಿನ ಹಡಗು ಹತ್ತಿದ್ದವು. ನಾನು ಆಗ ಕಾರ್ಖಾನೆಯಲ್ಲಿ ಫಿಲ್ಮಿನ ತುಂಡುಗಳನ್ನು ಅಂಟಿಸುವ ಕೆಲಸದವಳು. ಬಂದರಿಗೆ ಹೋದದ್ದು ಒಬ್ಬ ನಾಯಕಿ ಎರವಲು ಪಡೆದಿದ್ದ ನಮ್ಮಮ್ಮನ ಉಣ್ಣೆಯ ಶಾಲು ವಾಪಸು ಕೇಳಲು. ಶಾಲು ಕಾನ್‌ಸ್ಟಾಂಟಿನೋಪಲಿಗೆ ಹೋಯಿತು.

ಲುಕಾ ಸಾವಿಚ್ ಆಗಿನ್ನೂ ಪರದೆಗೆ ಬಣ್ಣ ಬಳಿಯುವವರು. ಮೊಲ್ದವಾಂಕಾ ಕೇರಿಯ ಬೋರ್ಡು ಬರೆಯುವವನ ಮಗ. ನಟರ ಬೆನ್ನ ಹಿಂದೆ ಅರಮನೆ, ಕಾರಂಜಿ, ಬೆಳದಿಂಗಳ ಸರೋವರ ಎಲ್ಲ ಅವರ ಕುಂಚದ್ದೇ. ಅವರು ಬಿಡಿಸಿದ ಮೆಟ್ಟಿಲನ್ನು ಹತ್ತಲು ಹೋಗಿ ಕುಡಿದ ನಟನೊಬ್ಬ ಮೂಗು ಒಡೆದುಕೊಂಡಿದ್ದ. ತಮ್ಮ ಕಲೆಗೆ ಸಿಕ್ಕ ಮೊದಲ ಪ್ರಶಸ್ತಿ ಅದು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಆ ದಿನ ಯಜಮಾನರು ಅವರ ಹೆಗಲಿಗೆ ಒಂದು ಕ್ಯಾಮೆರಾ ಪೆಟ್ಟಿಗೆ ಹೊರಿಸಿ, "ಹಡಗಿನವರೆಗೆ ತಂದುಕೊಡು, ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಎಂದಿದ್ದರು.

ಹಡಗು ಹತ್ತುವ ಹಲಗೆಯ ಹತ್ತಿರ ಬರುವಾಗ ಸಮುದ್ರದ ಗಾಳಿ ಎದ್ದು ಲುಕಾ ಸಾವಿಚರ ಟೋಪಿ ಹಾರಿಹೋಯಿತು. ಒಳ್ಳೆಯ ಟೋಪಿ, ವೆಲ್ವೆಟ್ಟಿನದು. ಪೆಟ್ಟಿಗೆ ಹೊತ್ತುಕೊಂಡೇ ಅವರು ಅದರ ಹಿಂದೆ ಓಡಿದರು. ಟೋಪಿ ಹಿಡಿದು ತಿರುಗುವಷ್ಟರಲ್ಲಿ ಹಲಗೆಯನ್ನು ಹಡಗಿಗೆ ಎಳೆದುಕೊಂಡಿದ್ದರು.

"ಎಲೋ ಚುಮಾಕ್! ಕ್ಯಾಮೆರಾ! ಕ್ಯಾಮೆರಾ ಕಣೋ!" ಯಜಮಾನರು ಹಡಗಿನ ಮೇಲಿಂದ ಎದೆ ಬಡಿದುಕೊಂಡರು.

"ಟೋಪಿ ಸಿಕ್ತು ಯಜಮಾನ್ರೇ!" ಲುಕಾ ಸಾವಿಚ್ ಅದನ್ನು ಎತ್ತಿ ತೋರಿಸಿದರು.

ವಾರ ಕಳೆಯುವಷ್ಟರಲ್ಲಿ ಕ್ರಾಂತಿಯ ಸೈನ್ಯ ಬಂದು ಊರು ಕೆಂಪಾಯಿತು. ಆ ವಾರ ಕ್ಯಾಮೆರಾವನ್ನು ಅವರು ತಮ್ಮ ನೆಲಮಾಳಿಗೆಯಲ್ಲಿ ಹುಳಿ ಎಲೆಕೋಸಿನ ಪೀಪಾಯಿಯೊಳಗೆ ಬಚ್ಚಿಟ್ಟಿದ್ದರು. ಕಾರ್ಖಾನೆಗೆ ಹೊಸ ಸರ್ಕಾರದ ಅಧಿಕಾರಿ, ಚರ್ಮದ ಅಂಗಿಯ ಕಮಿಸಾರನೊಬ್ಬ ಬಂದು ನಮ್ಮ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದ.

"ಇಲ್ಲಿ ನಿರ್ದೇಶಕ ಯಾರು?"

ಯಾರೂ ಉಸಿರೆತ್ತಲಿಲ್ಲ. ಆ ಕಾಲದಲ್ಲಿ 'ಯಾರು' ಎಂದು ಕೇಳಿದರೆ ಸುಮ್ಮನಿರುವುದೇ ಕ್ಷೇಮ.

"ಹೋಗ್ಲಿ, ಕ್ಯಾಮೆರಾ ಯಾರ ಹತ್ರ ಇದೆ?"

"ನನ್ನ ಹತ್ರ" ಎಂದರು ಲುಕಾ ಸಾವಿಚ್.

"ಮತ್ತೆ ನಿರ್ದೇಶಕ ಅಲ್ಲ ಅಂತೀಯ?"

"ನಾನೆಲ್ಲಿ ಅಲ್ಲ ಅಂದೆ, ಕಾಮ್ರೇಡ್?"

ಮುಗಿಯಿತು. ಕೆಲಸದ ಅರ್ಜಿಯಲ್ಲಿ 'ದೇಶ ಬಿಟ್ಟು ಯಾಕೆ ಹೋಗಲಿಲ್ಲ' ಎಂಬ ಪ್ರಶ್ನೆಗೆ, 'ಕ್ಯಾಮೆರಾವನ್ನು ಕ್ರಾಂತಿಗಾಗಿ ಉಳಿಸಿಕೊಂಡೆ' ಎಂದು ಬರೆದರು. ಅಕ್ಷರ ದುಂಡಗಿತ್ತು. ಬೋರ್ಡು ಬರೆಯುವವನ ಮಗನಲ್ಲವೇ.

ಮುಂದಿನ ಮೂರು ವರ್ಷ ಬರಗಾಲ, ಟೈಫಸ್ ಜ್ವರ, ಸೌದೆ ಇಲ್ಲದ ಒಲೆ. ಲುಕಾ ಸಾವಿಚ್ ಐದೈದು ನಿಮಿಷದ ಚಿತ್ರ ತೆಗೆದರು: ಕೈ ತೊಳೆಯಿರಿ, ನೀರು ಕುದಿಸಿ, ದ್ರೋಹಿಯನ್ನು ಹಿಡಿದುಕೊಡಿ. ಎಲ್ಲದರಲ್ಲೂ ಹಿಂದೆ ಅದೇ ಬೆಳದಿಂಗಳ ಸರೋವರ, ಬೇರೆ ಪರದೆ ಇರಲಿಲ್ಲ. ಕಡೆಗೆ 1923ರಲ್ಲಿ ದೊಡ್ಡ ಚಿತ್ರಕ್ಕೆ ಅಪ್ಪಣೆ ಸಿಕ್ಕಿತು: 'ಜನರಲ್‌ನ ಕಡೆಯ ತಿಂಡಿ'.

ಕಥೆ ಸರಳ. ಜನರಲ್ ತಿಂಡಿ ತಿನ್ನುತ್ತಾನೆ. ಊರು ಹಸಿದಿದೆ. ಕಾರ್ಮಿಕರು ಗೇಟು ಮುರಿದು ಒಳಗೆ ನುಗ್ಗುತ್ತಾರೆ. ಜನರಲ್ ಓಡುತ್ತಾನೆ. ಜನರಲ್ ಪಾತ್ರಕ್ಕೆ ಒಬ್ಬ ಹಳೆಯ ಒಪೆರಾ ಗಾಯಕ ಸಿಕ್ಕ. ಕಷ್ಟವಾದದ್ದು ತಿಂಡಿಗೆ. ಮೇಜಿನ ಮೇಲೆ ಇಟ್ಟ ಹಂದಿತೊಡೆಯನ್ನು ಕ್ಯಾಮೆರಾ ತಿರುಗುವ ಮೊದಲೇ ಕಾರ್ಮಿಕರ ವೇಷದವರು ತಿಂದುಬಿಟ್ಟರು. ಲುಕಾ ಸಾವಿಚ್ ಗೋಳಾಡಿದರು: "ಅಯ್ಯೋ ಪಾಪಿಗಳಾ, ಕ್ರಾಂತಿ ಆಗೋದು ನಾಲ್ಕನೇ ರೀಲಲ್ಲಿ! ಈಗಲೇ ನುಗ್ಗಿದ್ರೆ ಹೇಗೆ?" ಆಮೇಲೆ ಸತ್ತ ಹಂದಿಯ ಸಹವಾಸವೇ ಬೇಡವೆಂದು ಪೆರೆಸಿಪ್ ಕೇರಿಯ ಮುದುಕಿಯೊಬ್ಬಳ ಜೀವಂತ ಹಂದಿಯನ್ನು ತರಿಸಿದರು. ಮುದುಕಿ ಜೊತೆಗೇ ಬಂದಳು. ನಮ್ಮ ಮುಖಗಳನ್ನು ನೋಡಿದ ಮೇಲೆ ಹಗ್ಗದ ತುದಿ ಬಿಡಲು ಒಪ್ಪಲೇ ಇಲ್ಲ. ಹಾಗಾಗಿ ಹಂದಿ ಕಾಣುವ ಎಲ್ಲ ಕಡೆ ಚೌಕಟ್ಟಿನ ಅಂಚಿನಲ್ಲಿ ಒಂದು ಸುಕ್ಕುಗಟ್ಟಿದ ಕೈಯೂ ಕಾಣುತ್ತದೆ.

ಚಿತ್ರ ತೆಗೆದು ಮುಗಿಯುವ ಹೊತ್ತಿಗೆ ಲುಕಾ ಸಾವಿಚರಿಗೆ ಟೈಫಸ್ ಬಡಿಯಿತು. ಭಾನುವಾರ ಮಧ್ಯಾಹ್ನ ಬಂದರು ಕಾರ್ಮಿಕರ ಕ್ಲಬ್ಬಿನಲ್ಲಿ ಪ್ರದರ್ಶನ ಎಂದು ಭಿತ್ತಿಪತ್ರ ಆಗಲೇ ಅಂಟಿಸಿದ್ದರು. ಶುಕ್ರವಾರ ಬೆಳಿಗ್ಗೆ ಅಂಟಿಸುವ ಕೋಣೆಯ ಬೀಗ ತೆಗೆದು ನೋಡಿದೆ. ಮುನ್ನೂರ ನಲವತ್ತು ತುಂಡು ಫಿಲ್ಮು. ಪ್ರತಿಯೊಂದಕ್ಕೂ ಎಷ್ಟನೆಯದು ಎಂದು ಬರೆದ ಚೀಟಿ ಹಚ್ಚಿದ್ದೆ, ಹಿಟ್ಟಿನ ಗೋಂದಿನಲ್ಲಿ. ಬರಗಾಲದಲ್ಲಿ ಹಿಟ್ಟಿನ ಗೋಂದು ಅಂದರೆ ಇಲಿಗಳಿಗೆ ಮದುವೆಯೂಟ. ಒಂದು ಚೀಟಿಯೂ ಉಳಿದಿರಲಿಲ್ಲ.

ಆಸ್ಪತ್ರೆಗೆ ಓಡಿದೆ. "ಲುಕಾ ಸಾವಿಚ್, ಚಿತ್ರಕಥೆಯ ಹಾಳೆ ಎಲ್ಲಿ?"

"ಹಾಳೆ ಯಾಕೆ? ಎಲ್ಲಾ ನನ್ನ ತಲೇಲಿದೆ" ಎಂದರು. ತಲೆ ಕೆಂಡದಂತೆ ಸುಡುತ್ತಿತ್ತು. ನನ್ನನ್ನು ತಮ್ಮ ಸತ್ತ ಚಿಕ್ಕಮ್ಮ ಎಂದುಕೊಂಡು, ಬೆಕ್ಕಿಗೆ ಹಾಲು ಹಾಕಿದೆಯಾ ಎಂದು ಕೇಳಿದರು.

ನಾನು ವಾಪಸು ಬಂದು ಕೂತೆ. ನನಗೂ ಹೊಟ್ಟೆ ಹಸಿದಿತ್ತು. ಅದೂ ಒಂದು ಕಾರಣ ಇರಬೇಕು. ಜನರಲ್ ಬಾಯಿ ತೆರೆಯುವ ತುಂಡು ಕೈಗೆ ಬಂತು. ಹಂದಿ ಬಾಯಿ ತೆರೆಯುವ ತುಂಡೂ ಬಂತು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಒಬ್ಬಳೇ ನಕ್ಕೆ, ಅಂಟಿಸಿಬಿಟ್ಟೆ. ಆಮೇಲೆ ಖಾಲಿ ಪಾತ್ರೆ ಹಿಡಿದ ಹೆಂಗಸು. ಮತ್ತೆ ಜನರಲ್‌ನ ಹಲ್ಲು. ಸಿಪಾಯಿಯ ಬೂಟು. ಮತ್ತೆ ಹಂದಿ. ಇಗರ್ಜಿಯ ಗಂಟೆಯ ತುಂಡನ್ನು ಅವಸರದಲ್ಲಿ ತಲೆಕೆಳಗಾಗಿ ಅಂಟಿಸಿದ್ದೆ, ತಿದ್ದಲು ಹೊತ್ತಿರಲಿಲ್ಲ. ಎರಡು ದಿನ ಹೀಗೇ ಕಳೆಯಿತು. ಹೇಳಬೇಕೆಂದರೆ, ಹುಟ್ಟಿದಾಗಿನಿಂದ ಅಷ್ಟು ಖುಷಿಯಲ್ಲಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಭಾನುವಾರ ಲುಕಾ ಸಾವಿಚ್ ಜ್ವರ ಇಳಿದು, ಕಂಬಳಿ ಹೊದ್ದು, ಆಸ್ಪತ್ರೆಯಲ್ಲಿ ಬೋಳಿಸಿದ ತಲೆಯಲ್ಲಿ ಮೊದಲ ಸಾಲಿಗೆ ಬಂದು ಕೂತರು. ದೀಪ ಆರಿತು. ಮೂಕಚಿತ್ರದ ಜೊತೆ ಪಿಯಾನೋ ಬಾರಿಸುವಾಕೆ ಚಿತ್ರ ನೋಡಿ ಕಕ್ಕಾಬಿಕ್ಕಿಯಾಗಿ ವಾಲ್ಟ್ಸ್ ಕುಣಿತದ ಒಂದು ಧಾಟಿ ಶುರುಮಾಡಿದಳು. ಐದು ನಿಮಿಷಕ್ಕೆ ಲುಕಾ ಸಾವಿಚ್ ನನ್ನ ತೋಳು ಹಿಂಡಿದರು.

"ಫೀರಾ, ನನ್ನ ಸಿನಿಮಾ ಎಲ್ಲಿ?"

"ಇದೇ, ಲುಕಾ ಸಾವಿಚ್."

"ಮೊದಲಿಂದ ಕಡೇತನಕ ತಪ್ಪು!"

"ಚೀಟಿ ಇಲಿ ತಿಂದ್ವು."

"ನಾಳೆ ಬೆಳಿಗ್ಗೆಯಿಂದ ನೀನು ಕೆಲಸಕ್ಕೆ ಬರಬೇಡ."

ಅಷ್ಟರಲ್ಲಿ ಹಿಂದಿನ ಸಾಲಿನ ಹಮಾಲಿಗಳು ನಗಲು ಶುರುಮಾಡಿದರು. ಹಂದಿ ಬಂದಾಗ ನಗು, ಜನರಲ್ ಬಂದಾಗ ಅದಕ್ಕಿಂತ ಜೋರು ನಗು. ಖಾಲಿ ಪಾತ್ರೆಯ ಹೆಂಗಸು ಬಂದಾಗ ಇಡೀ ಕ್ಲಬ್ಬು ಗಪ್‌ಚಿಪ್. ಗೇಟು ಮುರಿಯುವಾಗ ಒಬ್ಬ ಎದ್ದು ನಿಂತು ಬೆಂಚಿನ ಕಾಲು ಮುರಿದ. ದೀಪ ಹತ್ತಿದ್ದೇ ತಡ, ಬಿಳಿ ಪ್ಯಾಂಟಿನ ತೆಳ್ಳನೆಯ ಗಂಡಸೊಬ್ಬ ಓಡಿಬಂದು ಲುಕಾ ಸಾವಿಚರನ್ನು ಕಂಬಳಿ ಸಮೇತ ತಬ್ಬಿಕೊಂಡ. ಅವನು ಇಪ್ಪೊಲಿತ್ ಝಾರ್ಸ್ಕಿ, ಮಾಸ್ಕೋದ ವಿಮರ್ಶಕ. ಸಮುದ್ರಸ್ನಾನಕ್ಕೆಂದು ಊರಿಗೆ ಬಂದಿದ್ದ.

"ಕಾಮ್ರೇಡ್ ಚುಮಾಕ್! ನೀವು ಕಥೆಯನ್ನ ಕೊಂದುಬಿಟ್ರಿ!"

ಲುಕಾ ಸಾವಿಚ್ ಬಿಳಿಚಿಕೊಂಡರು. "ಬೇಕಂತ ಮಾಡಿದ್ದಲ್ಲ ಕಾಮ್ರೇಡ್, ನನಗೆ ಟೈಫಸ್ ಆಗಿತ್ತು..."

"ವಿನಯ ಬೇಡ! ಗಂಟೆಯನ್ನ ತಲೆಕೆಳಗೆ ಮಾಡಿ ದೇವರನ್ನೇ ಕೆಳಗೆ ಇಳಿಸಿದ್ರಿ. ಮತ್ತೆ ಆ ಕೈ! ಹಂದಿಯ ಹಗ್ಗ ಹಿಡಿದ ಆ ಸುಕ್ಕು ಕೈ! ನನಗೆ ಅರ್ಥ ಆಯ್ತು. ಅದು ಇತಿಹಾಸದ ಕೈ, ಅಲ್ವಾ?"

ಲುಕಾ ಸಾವಿಚ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅವನ ಮುಖ ನೋಡಿದರು.

"ನೀವೊಬ್ರೇ ಕಂಡುಹಿಡಿದ್ರಿ" ಎಂದರು ನಿಧಾನವಾಗಿ.

ಸೋಮವಾರ ನಾನು ಕೆಲಸಕ್ಕೆ ಹೋದೆ. ಬರಬೇಡ ಎಂದದ್ದು ಯಾರಿಗೂ ನೆನಪಿರಲಿಲ್ಲ.

ಚಿತ್ರ ಮಾಸ್ಕೋಗೆ ಹೋಯಿತು, ಬರ್ಲಿನ್‌ಗೂ ಹೋಯಿತು. ಝಾರ್ಸ್ಕಿ ಆ ಹಂದಿಯ ಬಗ್ಗೆಯೇ ಇನ್ನೂರು ಪುಟದ ಪುಸ್ತಕ ಬರೆದ. ಲುಕಾ ಸಾವಿಚ್ ಚರ್ಮದ ಅಂಗಿ ಹೊಲಿಸಿದರು, ಪೈಪು ಕಚ್ಚಲು ಕಲಿತರು, ಕಣ್ಣು ಚೆನ್ನಾಗಿದ್ದರೂ ದುಂಡು ಕನ್ನಡಕ ಹಾಕಿದರು. ವಿದ್ಯಾರ್ಥಿಗಳಿಗೆ ಪಾಠ ಮಾಡಲು ಅವರಿಗೆ ಕರೆ ಬರತೊಡಗಿತು. ಒಮ್ಮೆ ನಾನೂ ಹಿಂದೆ ಕೂತು ಕೇಳಿದೆ.

"ಜನರಲ್ ಮತ್ತು ಹಂದಿ ಸೇರಿದರೆ ಎರಡಲ್ಲ ಕಾಮ್ರೇಡ್‌ಗಳೇ, ಮೂರು!" ಎಂದು ಮೇಜು ಗುದ್ದಿದರು.

"ಮೂರನೆಯದು ಯಾರು?" ಎಂದು ಒಬ್ಬ ಹುಡುಗಿ ಕೇಳಿದಳು.

"ನೀನು! ನೋಡುವವಳು!"

ಆ ಹುಡುಗಿ ಮುಖ ಊದಿಸಿಕೊಂಡು ಎದ್ದು ಹೋದಳು. ಹಂದಿ, ಜನರಲ್, ಮೂರನೆಯದಾಗಿ ತಾನು ಎಂದರೆ ಯಾರಿಗೆ ತಾನೇ ಹಿತವಾಗುತ್ತದೆ?

ತಾವು ಹೇಳಿದ್ದನ್ನು ತಾವೇ ನಂಬುವುದು ಲುಕಾ ಸಾವಿಚರ ದೊಡ್ಡ ಗುಣ. ಎರಡು ವರ್ಷ ಪಾಠ ಮಾಡುವಷ್ಟರಲ್ಲಿ ಇಲಿಗಳನ್ನು ಪೂರ್ತಿ ಮರೆತರು. 1926ರಲ್ಲಿ 'ಗೋಧಿ ಮತ್ತು ಚಕ್ರ' ತೆಗೆದಾಗ, "ಈ ಸಲ ಜೋಡಣೆ ನಾನೇ ಮಾಡ್ತೀನಿ ಫೀರಾ. ನೀನು ಗೋಂದು ಮಾತ್ರ ಹಚ್ಚು" ಎಂದರು. ಸಾವಿರದ ಇನ್ನೂರು ತುಂಡು. ಗೋಧಿ, ಚಕ್ರ, ಗೋಧಿ, ಚಕ್ರ, ಕುದುರೆಯ ಕಣ್ಣು, ಚಕ್ರ. ಗೋಂದು ಹಚ್ಚುವಾಗಲೇ ನನಗೆ ತಲೆ ತಿರುಗುತ್ತಿತ್ತು.

ರೈತರಿಗೆ ಮೊದಲು ತೋರಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಖೆರ್ಸೋನ್ ಕಡೆಯ ಒಂದು ಹಳ್ಳಿಗೆ ಚಿತ್ರ ತೋರಿಸುವ ಎಂಜಿನ್ನು, ಪರದೆ ಎಲ್ಲ ಗಾಡಿಯಲ್ಲಿ ಹೇರಿಕೊಂಡು ಹೋದೆವು. ಮೂರನೇ ರೀಲಿಗೆ ಕುರಿಗಳಷ್ಟೇ ಉಳಿದಿದ್ದವು, ಅವನ್ನು ಕಟ್ಟಿಹಾಕಿದ್ದರು. ಹೋಗದೆ ಕೂತಿದ್ದ ಅಜ್ಜಿಯೊಬ್ಬಳ ಹತ್ತಿರ ಲುಕಾ ಸಾವಿಚ್ ಹೋಗಿ ಕೈ ಹಿಡಿದುಕೊಂಡರು.

"ಹೇಗಿತ್ತಮ್ಮಾ?"

"ಒಳ್ಳೇದೇ ಇತ್ತು ಅನ್ಸುತ್ತಪ್ಪ" ಎಂದಳು ಅಜ್ಜಿ ಕನಿಕರದಿಂದ. "ಆದ್ರೆ ಯಾರೋ ಅದನ್ನ ಎಲೆಕೋಸು ಹೆಚ್ಚಿದ ಹಾಗೆ ಹೆಚ್ಚಿಹಾಕಿದಾರೆ. ದೂರು ಕೊಡು ಮಗಾ."

ಊರಿಗೆ ಬಂದ ಮರುದಿನ ಅವರು ಅಂಟಿಸುವ ಕೋಣೆಗೆ ಬಂದರು. ಕೈಯಲ್ಲಿ ಒಂದು ಪೊಟ್ಟಣ ಹಲ್ವ. ಬಾಗಿಲಲ್ಲೇ ನಿಂತು ಪೈಪು ತೆಗೆದು ಜೇಬಿಗೆ ಹಾಕಿದರು.

"ಫೀರಾ, ಆ ಕುದುರೆ ಆದಮೇಲೆ ನಾವು ಏನು ಅಂದ್ಕೊಂಡಿದ್ವಿ?"

"ನಾವು ಅಂದ್ರೆ ಯಾರು, ಲುಕಾ ಸಾವಿಚ್?"

"ನಾವು ಅಂದ್ರೆ... ಇಲಾಖೆ."

ಹನ್ನೊಂದು ದಿನ ಕೂತೆ. ಮೂರರಲ್ಲಿ ಎರಡು ಪಾಲು ಕಿತ್ತು ಹಾಕಿದೆ. ಚಕ್ರ ತಿರುಗಿದ ಮೇಲೆ ಹಿಟ್ಟು ಬೀಳಬೇಕು, ಹಿಟ್ಟು ಬಿದ್ದ ಮೇಲೆ ಯಾರಾದರೂ ರೊಟ್ಟಿ ತಿನ್ನಬೇಕು. ಇದಕ್ಕೆ ಸಿದ್ಧಾಂತ ಬೇಕೇ? ಚಿತ್ರ ಗೆದ್ದಿತು. ಭಿತ್ತಿಪತ್ರದಲ್ಲಿ 'ಲುಕಾ ಚುಮಾಕ್' ಎಂಬ ಅಕ್ಷರ ಕಲ್ಲಂಗಡಿಯಷ್ಟು ದಪ್ಪವಿತ್ತು. ನಮ್ಮಮ್ಮ ದೆರಿಬಾಸೊವ್ಸ್ಕಾಯಾ ರಸ್ತೆಯಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ನಿನ್ನ ಹೆಸರೆಲ್ಲೇ?"

"ನನ್ನದು ಹಾಕಲ್ಲಮ್ಮ."

"ಅಚ್ಚು ಹಾಕಿದವನ ಹೆಸರಿದೆ. ಇದರ ಮೇಲೆ ಬೇರೆ ಅಂಟಿಸಿದ್ರೆ ದಂಡ ಅಂತಾನೂ ಇದೆ. ನೀನು ಮಾತ್ರ ಇಲ್ಲ."

ಅಮ್ಮನ ಮಾತು ಮನಸ್ಸಿಗೆ ನಾಟಿತು. ಹೋಗಿ ಕೇಳಿಯೇಬಿಟ್ಟೆ. ಲುಕಾ ಸಾವಿಚ್ ನಿಜವಾಗಿಯೂ ಆಶ್ಚರ್ಯಪಟ್ಟರು. "ಫೀರೋಚ್ಕಾ, ಅಡುಗೆಯವಳ ಹೆಸರನ್ನ ಯಾರಾದ್ರೂ ತಟ್ಟೆ ಮೇಲೆ ಬರೀತಾರಾ?" ಎಂದರು. ಎರಡು ವಾರ ನಾನು ಅವರ ಜೊತೆ ಮಾತು ಬಿಟ್ಟೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದೆ. ಅವರು ಮತ್ತೆ ಹಲ್ವ ತಂದರು. ನಾನು ತಿಂದೆ, ಆದರೆ ಮಾತಾಡಲಿಲ್ಲ. ಆಮೇಲೆ ಹೊಸ ಚಿತ್ರದ ತುಂಡುಗಳು ಬಂದವು. ಅವನ್ನು ಮುಟ್ಟಿದ ಮೇಲೆ ಸಿಟ್ಟು ಎಲ್ಲಿಯೋ ಹೋಯಿತು. ನನ್ನ ದೌರ್ಬಲ್ಯ ಅದೇ.

ಗಾಳಿ ತಿರುಗಿದ್ದು 1930ರಲ್ಲಿ. ಕಾರ್ಖಾನೆಗೆ ಹೊಸ ಮುಖ್ಯಸ್ಥ ಬಂದ, ದೆರ್ಕಾಚ್ ಎಂದು. ಮೊದಲು ಸಾರ್ವಜನಿಕ ಸ್ನಾನಗೃಹ ನೋಡಿಕೊಳ್ಳುತ್ತಿದ್ದವನು. ಒಳ್ಳೆಯ ಮೇಲ್ವಿಚಾರಕನಂತೆ, ಅಲ್ಲಿ ಬಿಸಿನೀರು ತಪ್ಪಿದ್ದಿಲ್ಲವಂತೆ. ನಮ್ಮ ಚಿತ್ರಗಳನ್ನೂ ಅವನು ಅದೇ ಕಣ್ಣಲ್ಲಿ ನೋಡಿದ. "ಈ ಕಾರ್ಮಿಕನ ಮುಖ ಯಾಕೆ ಕೊಳೆಯಾಗಿದೆ? ನಮ್ಮಲ್ಲಿ ಸೋಪಿಲ್ವಾ? ಬೂರ್ಜ್ವಾಗಳು ನೋಡಿದ್ರೆ ಏನಂದ್ಕೋತಾರೆ?" ಎನ್ನುತ್ತಿದ್ದ. ಅದೇ ಹೊತ್ತಿಗೆ ಝಾರ್ಸ್ಕಿ ಮಾಸ್ಕೋ ಪತ್ರಿಕೆಯಲ್ಲಿ ಬರೆದ: ಚುಮಾಕರ ಚಿತ್ರಗಳು ಜನರಿಗೆ ಅರ್ಥವಾಗುವುದಿಲ್ಲ, ಅದು ಬರೀ ರೂಪದ ಹುಚ್ಚು, ತಲೆಕೆಳಗಾದ ಆ ಗಂಟೆ ತಲೆಕೆಳಗಾದ ಮನಸ್ಸಿನ ಗುರುತು. ಹಂದಿಯ ಬಗ್ಗೆ ಪುಸ್ತಕ ಬರೆದ ಕೈಯೇ ಅದನ್ನೂ ಬರೆದದ್ದು. ಲುಕಾ ಸಾವಿಚರನ್ನು ಕಾರ್ಖಾನೆಯ ಸಭೆಯಲ್ಲಿ ವಿಚಾರಿಸಬೇಕೆಂದು ತೀರ್ಮಾನವಾಯಿತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಅವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕನ್ನಡಕ ಇರಲಿಲ್ಲ. ಬಹಳ ದಿನಗಳ ಮೇಲೆ ಅವರ ಬರಿಗಣ್ಣು ನೋಡಿದೆ.

"ದೆರ್ಕಾಚ್ ಕರೆಸಿದ್ದ" ಎಂದರು. "ನಿಮ್ಮ ತಂದೆ ಗುಂಡಿ-ರಿಬ್ಬನ್ನಿನ ಅಂಗಡಿ ಇಟ್ಟಿದ್ರಂತೆ?"

"ನಿಮಗೆ ಗೊತ್ತಿಲ್ವಾ? ನಿಮ್ಮ ವೆಲ್ವೆಟ್ ಟೋಪಿಯ ಪಟ್ಟಿ ನಮ್ಮಂಗಡೀದೇ."

"ಹೂಂ. ವ್ಯಾಪಾರಿಯ ಮಗಳು, ಒಳಗೊಳಗೇ ಚಿತ್ರಗಳನ್ನ ಕೆಡಿಸಿದಳು, ನಿರ್ದೇಶಕನಿಗೆ ಗೊತ್ತಾಗಲಿಲ್ಲ. ಹಾಗೆ ಹೇಳಿದ್ರೆ ನಾನು ಉಳ್ಕೋತೀನಂತೆ. ನಿನ್ನನ್ನ ತೆಗೀತಾರೆ, ಅಷ್ಟೇ."

"ಅಷ್ಟೇನಾ?"

"ಅಷ್ಟೇ ಅಂದ. ಆಮೇಲಿಂದು ಹೇಳಲಿಲ್ಲ."

ಆಮೇಲಿನದು ಜೈಲು ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮಮ್ಮನಿಗೆ ಆಗ ಎಪ್ಪತ್ತು ವರ್ಷ. ರೇಷನ್ ಕಾರ್ಡು ನನ್ನ ಕೆಲಸದ ಮೇಲೆ ನಿಂತಿತ್ತು. ಲುಕಾ ಸಾವಿಚ್ ಮೇಜಿನ ಮೇಲಿನ ಒಂದು ತುಂಡು ಫಿಲ್ಮನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಇಟ್ಟರು. "ಇಷ್ಟು ವರ್ಷ ನೀನು ಮಾಡಿದ್ದಕ್ಕೆ ನಾನು ಹಾರ ಹಾಕಿಸ್ಕೊಂಡೆ" ಎಂದು ಗೊಣಗಿದಂತಾಯಿತು. ಹಾಗೇ ಎದ್ದು ಹೋದರು. ನಾಳೆ ಸಭೆಯಲ್ಲಿ ಏನು ಹೇಳುತ್ತಾರೋ ತಿಳಿಯದೆ ಕೆಲಸಕ್ಕೆ ಕೂತೆ. ಆ ದಿನ ಮೂರು ತುಂಡು ತಪ್ಪಾಗಿ ಅಂಟಿಸಿದೆ. ಯಾವ ವಿಮರ್ಶಕನೂ ಅದನ್ನು ಕಂಡುಹಿಡಿಯಲಿಲ್ಲ.

ಸಭೆ ನಡೆದದ್ದು ಮಧ್ಯಾಹ್ನದ ಊಟದ ಮನೆಯಲ್ಲಿ, ಕೋಸಿನ ಸೂಪಿನ ವಾಸನೆಯ ನಡುವೆ. ಝಾರ್ಸ್ಕಿ ಮಾಸ್ಕೋದಿಂದ ಬಂದು ಒಂದು ಗಂಟೆ ಮಾತಾಡಿದ. ಒಂಬತ್ತು ಜನ ಎದ್ದು, ತಮಗೆ ಚುಮಾಕರ ಚಿತ್ರ ಎಂದೂ ಅರ್ಥವಾಗಿರಲಿಲ್ಲ ಎಂದು ಒಬ್ಬರಿಗಿಂತ ಒಬ್ಬರು ಹೆಮ್ಮೆಯಿಂದ ಹೇಳಿದರು. ಕಡೆಗೆ ದೆರ್ಕಾಚ್ ಪೆನ್ಸಿಲಿನಿಂದ ಲೋಟ ತಟ್ಟಿದ.

"ಕಾಮ್ರೇಡ್ ಚುಮಾಕ್, ನೇರವಾಗಿ ಹೇಳಿ. ಸೋವಿಯತ್ ಪರದೆ ಮೇಲೆ ಹಂದಿ, ಗಂಟೆ ಎಲ್ಲ ಕಲಸುಮೇಲೋಗರ ಮಾಡಿದ್ದು ಯಾರು? ನೀವಾ, ಬೇರೆ ಯಾರಾದ್ರೂನಾ?"

'ಬೇರೆ' ಎನ್ನುವಾಗ ನನ್ನ ಕಡೆ ನೋಡಿದ. ಲುಕಾ ಸಾವಿಚ್ ಎದ್ದು ನಿಂತರು. ಕೈಯನ್ನು ಚರ್ಮದ ಅಂಗಿಯ ಜೇಬಿಗೆ ತುರುಕಿದರು.

"ಇಲಿಗಳು" ಎಂದರು.

"ಏನಂದ್ರಿ?"

"ಇಲಿಗಳು ಕಾಮ್ರೇಡ್. ಚೀಟಿ ತಿಂದುಬಿಟ್ವು. ತುಂಡುಗಳು ಹಿಂದುಮುಂದಾದವು. ಅದನ್ನ ನೋಡಿ ಈ ಝಾರ್ಸ್ಕಿ ಮಹಾಶಯರು ಹೊಸ ಕಲೆ ಅಂದ್ರು, ನಾನು ಹೂಂ ಅಂದೆ. ಏಳು ವರ್ಷ ಹೂಂ ಅಂದೆ. ತಪ್ಪು ನನ್ನದು. ಅಂಟಿಸೋರು ನಾನು ಹೇಳಿದ್ದನ್ನ ಅಂಟಿಸಿದ್ರು, ಅವರಿಗೆ ಇದರಲ್ಲಿ ಏನೂ ಸಂಬಂಧ ಇಲ್ಲ."

ಮೊದಲು ಯಾರೋ ಬಡಗಿ ಕಿಸಕ್ಕೆಂದ. ಇಡೀ ಸಭೆ ಉರುಳಾಡಿ ನಕ್ಕಿತು. ಝಾರ್ಸ್ಕಿಯ ಮುಖ ಬೀಟ್‌ರೂಟಾಯಿತು. "ಇದು ಅಪಹಾಸ್ಯ! ಇನ್ನೂರು ಪುಟ ಬರೆದಿದೀನಿ ನಾನು!" ಎಂದು ಕೂಗಿದ. ಕೂಗಿದ ಮೇಲೆ, ಆ ಪುಸ್ತಕವನ್ನು ಈಗ ನೆನಪಿಸಬಾರದಿತ್ತು ಎಂದು ಹೊಳೆದು ಕೂತುಬಿಟ್ಟ. ದೆರ್ಕಾಚನಿಗೆ ಮಾತ್ರ ನಗು ಬರಲಿಲ್ಲ. ಸ್ನಾನಗೃಹದ ಮನುಷ್ಯ, ಇಲಿ ಎಂದರೆ ಅವನಿಗೆ ಗಂಭೀರ ವಿಷಯ.

"ಇಲಿ ಎಷ್ಟಿದ್ವು?" ಎಂದು ಕೇಳಿದ.

"ಎಣಿಸಿಲ್ಲ, ಕಾಮ್ರೇಡ್."

"ಈಗಲೂ ಇದಾವಾ?"

"ಇದಾವೆ" ಎಂದು ಹತ್ತು ಜನ ಒಟ್ಟಿಗೆ ಹೇಳಿದರು. ಆ ದಿನ ಸಭೆಯಲ್ಲಿ ಎಲ್ಲರೂ ಒಮ್ಮತದಿಂದ ಆಡಿದ ನಿಜ ಅದೊಂದೇ.

ನಿರ್ಣಯ ಬರೆದುಕೊಂಡರು: ಒಂದು, ಕಾರ್ಖಾನೆಗೆ ಎರಡು ಬೆಕ್ಕು ತರಿಸುವುದು. ಎರಡು, ನಿರ್ದೇಶಕ ಚುಮಾಕರನ್ನು ಎಚ್ಚರಿಕೆಯ ಕೊರತೆಗಾಗಿ ದರ್ಜೆ ಇಳಿಸಿ ಶೈಕ್ಷಣಿಕ ಚಿತ್ರಗಳ ವಿಭಾಗಕ್ಕೆ ಹಾಕುವುದು. ಎಚ್ಚರಿಕೆಯ ಕೊರತೆ ಎಂದರೆ ಬದುಕಿಕೊಳ್ಳಬಹುದಾದ ಅಪರಾಧ. ಶತ್ರುತ್ವ ಎಂದಿದ್ದರೆ ಬೇರೆ ಮಾತಾಗುತ್ತಿತ್ತು. ಹೊರಗೆ ಅಂಗಳದಲ್ಲಿ ನಾನು ಅವರ ಹಿಂದೆ ಓಡಿ ನಿಲ್ಲಿಸಿದೆ. "ಹಸಿವಾಗಿದೆಯಾ?" ಎಂದೆ.

"ಹೂಂ" ಎಂದರು. ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು, ಅಮ್ಮ ಕಟ್ಟಿಕೊಟ್ಟಿದ್ದ ಬದನೆಕಾಯಿ ಪಲ್ಯ, ರೊಟ್ಟಿ ಹಂಚಿಕೊಂಡೆವು.

ಶೈಕ್ಷಣಿಕ ವಿಭಾಗ ಎಂದರೆ ಅಂಗಳದ ಮೂಲೆಯ ಹಳೆಯ ಲಾಯ. ನಾನು ಅರ್ಜಿ ಹಾಕಿ ಅಲ್ಲಿಗೇ ವರ್ಗ ಮಾಡಿಸಿಕೊಂಡೆ. ನಮಗೆ ಬಂದ ಮೊದಲ ಕೆಲಸ: 'ಸಣ್ಣ ಮೀನಿಗೆ ಉಪ್ಪು ಹಾಕುವ ಸರಿಯಾದ ವಿಧಾನ', ಎರಡು ರೀಲು. ಲುಕಾ ಸಾವಿಚ್ ಒಂದು ವಾರ ಮುಖ ಗಂಟುಹಾಕಿಕೊಂಡರು. ಆಮೇಲೆ ಮೀನಿನ ಬೆಳ್ಳಿಬಣ್ಣಕ್ಕೆ ಬೆಳಕು ಹೊಂದಿಸುತ್ತ ಮೈಮರೆತರು. ಉಪ್ಪು ಮುತ್ತಿನಂತೆ ಸುರಿಯುವಂತೆ ತೆಗೆದರು. ಅದನ್ನು ತ್ಯೂಲ್ಕಾ ಎಂಬ ಆ ಸಣ್ಣ ಮೀನಿನ ಸುಗ್ಗಿಯಲ್ಲಿ ಪ್ರಿವೋಜ್ ಮಾರುಕಟ್ಟೆಯ ಪಕ್ಕದ ಸಭಾಂಗಣದಲ್ಲಿ ಮೀನು ಮಾರುವ ಹೆಂಗಸರಿಗೆ ತೋರಿಸಿದೆವು. ಮುಂದಿನ ಬೆಂಚಿನಲ್ಲಿ ಎಲ್ಲರೂ ಪಾಶಾ ಅತ್ತೆ ಎಂದು ಕರೆಯುತ್ತಿದ್ದವಳು, ಮಾರುಕಟ್ಟೆಯ ದೊರೆಸಾನಿ. ಅವಳ ಗಂಟಲಿಗೆ ಟ್ರ್ಯಾಮು ನಿಲ್ಲುತ್ತಿತ್ತು.

ಉಪ್ಪು ಮುತ್ತಿನಂತೆ ಸುರಿದದ್ದೇ ತಡ, ಪಾಶಾ ಅತ್ತೆ ಎದ್ದಳು.

"ಯಾವನ್ರೀ ಅವನು ಮೇಲಿಂದ ಉಪ್ಪು ಚೆಲ್ಲೋನು? ಅದೇನು ಹೆಣದ ಮೇಲೆ ಮಣ್ಣು ಹಾಕ್ತಿದಾನಾ?"

"ಹೊಟ್ಟೆ ಕಡೆಯಿಂದ ಉಜ್ಜಬೇಕು, ಕತ್ತೆ!" ಇನ್ನೊಬ್ಬಳು.

"ತಲೆ ತೆಗೀಲೇ ಇಲ್ಲ, ನೋಡೇ!"

ಹಿಂದಿನ ಲುಕಾ ಸಾವಿಚ್ ಆಗಿದ್ದರೆ ಸಿದ್ಧಾಂತ ಹೇಳುತ್ತಿದ್ದರು. ಈಗ ದೀಪ ಹಾಕಿಸಿ, ಪರದೆಯ ಮುಂದೆ ಹೋಗಿ ನಿಂತರು. "ಹಾಗಿದ್ರೆ ಹೇಗೆ ಹಾಕ್ಬೇಕು ಅತ್ತೆ? ತೋರ್ಸಿ" ಎಂದರು.

ಮರುದಿನ ಕ್ಯಾಮೆರಾ ಮಾರುಕಟ್ಟೆಗೇ ಹೋಯಿತು. ಪಾಶಾ ಅತ್ತೆಯ ಕೈ, ಪಾಶಾ ಅತ್ತೆಯ ಬಾನಿ, ಪಾಶಾ ಅತ್ತೆಯ ಬೈಗುಳ. ಮೂಕಚಿತ್ರವಾದ್ದರಿಂದ ಬೈಗುಳ ಉಳಿಯಲಿಲ್ಲ, ನಷ್ಟವೇ. ಇದಾದ ಮೇಲೆ ಯಾವುದು ಎಂದು ಅವರು ಅವಳನ್ನು ಕೇಳಿದರು, ನನ್ನನ್ನು ಕೇಳಿದರು, ಕೇಳಿದ್ದನ್ನು ಬರೆದುಕೊಂಡರು. ಎರಡನೇ ಸಲ ತೋರಿಸಿದಾಗ ಬೈಯಲು ಯಾರೂ ಏಳಲಿಲ್ಲ. ಮುಗಿದ ಮೇಲೆ ಪಾಶಾ ಅತ್ತೆ, "ಇನ್ನೊಂದ್ಸಲ ಹಾಕು. ನನ್ನ ಕೈ ಅಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರಲಿಲ್ಲ" ಎಂದಳು.

ಅವಳ ಮಾತಿಗೆ ಮತ್ತೆ ಹಾಕಿದಾಗಲೇ ನಾನು ಚಿತ್ರದ ಮೊದಲಲ್ಲಿ ಬರುವ ಅಕ್ಷರಗಳನ್ನು ಸರಿಯಾಗಿ ನೋಡಿದ್ದು. ಲುಕಾ ಸಾವಿಚ್ ಅದನ್ನು ನನಗೆ ತೋರಿಸದೆ ತಾವೇ ಬರೆದು, ತಾವೇ ಅಂಟಿಸಿದ್ದರು. ಅಂಟು ಒಂಚೂರು ಸೊಟ್ಟಗಿತ್ತು. ಜೋಡಣೆ: ಎಸ್ಫಿರ್ ಸೊಲೊಮೊನೊವ್ನಾ ರಬಿನೆರ್. ಫೀರಾ ಎಂಬ ನನ್ನ ಪೂರ್ತಿ ಹೆಸರು. ಪಕ್ಕದಲ್ಲಿ ನಮ್ಮಮ್ಮ ಕೂತಿದ್ದಳು. ಕನ್ನಡಕ ಏರಿಸಿ, ತುಟಿ ಅಲುಗಿಸುತ್ತ ಪೂರ್ತಿ ಓದಿದಳು.

"ಇಷ್ಟು ವರ್ಷ ಗೇದು ಕಡೆಗೆ ಮೀನಿಗೆ ಹೆಸರು ಹಾಕಿಸ್ಕೊಂಡ್ಯಾ?" ಎಂದಳು. ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

ಆಮೇಲೆ ಮಾತಿನ ಚಿತ್ರಗಳು ಬಂದವು. ಲುಕಾ ಸಾವಿಚ್ ಮೊದಲನೆಯದನ್ನು ನೋಡಿ ಬಂದು, "ಫೀರಾ, ಬಾಯಿ ಬಿಟ್ಟ ಮೇಲೇ ಗೊತ್ತಾಗಿದ್ದು, ಇವರಿಗೆ ಹೇಳೋಕೆ ಏನೂ ಇರಲಿಲ್ಲ ಅಂತ" ಎಂದರು. ಪೈಪು ಬಿಟ್ಟಿದ್ದರು, ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದರು. ನಾವು ಟೊಮೇಟೊ ಹುಳುವಿನ ಬಗ್ಗೆ, ಮಣ್ಣಿನ ಸ್ನಾನದ ಬಗ್ಗೆ, ಹಸುಗೂಸಿಗೆ ಬಟ್ಟೆ ಸುತ್ತುವುದರ ಬಗ್ಗೆ ಚಿತ್ರ ತೆಗೆದೆವು. ಯಾವುದಕ್ಕೂ ಯಾರೂ ಪುಸ್ತಕ ಬರೆಯಲಿಲ್ಲ. ಝಾರ್ಸ್ಕಿಯನ್ನು ಅವನ ಶಿಷ್ಯನೇ ಪತ್ರಿಕೆಯಲ್ಲಿ ಹರಿದು ಹಂಚಿದ. ಮುಂದೆ ಅವನ ಸುದ್ದಿ ಬರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೆರ್ಕಾಚ್ ಮತ್ತೆ ಸ್ನಾನಗೃಹಕ್ಕೆ ಹೋದ, ಅಲ್ಲಿ ಎಲ್ಲರಿಗೂ ಅವನು ಬೇಕಾಗಿತ್ತು.

1937ರ ವಸಂತದಲ್ಲಿ ಲುಕಾ ಸಾವಿಚ್ ಹೃದಯ ನಿಂತು ತೀರಿಕೊಂಡರು, ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ. ರಾತ್ರೋರಾತ್ರಿ ಜನರನ್ನು ಎಳೆದೊಯ್ದು ಗುಂಡಿಕ್ಕುತ್ತಿದ್ದ ಆ ವರ್ಷ ಅದು ಎಲ್ಲರಿಗೂ ಸಿಗುವ ಭಾಗ್ಯವಾಗಿರಲಿಲ್ಲ. ಕಾರ್ಖಾನೆಯಿಂದ ಒಂದು ಹಾರ ಬಂತು. ಪ್ರಿವೋಜಿನಿಂದ ಇಪ್ಪತ್ತಮೂರು ಹೆಂಗಸರು ಬಂದರು, ಅರ್ಧ ಜನ ಏಪ್ರನ್ನಿನಲ್ಲೇ. ಕಲ್ಲು ಹಾಕಿಸಿದವರೂ ಅವರೇ. ಅದರ ಮೇಲೆ ಏನು ಬರೆಸುವುದೆಂದು ಸ್ಮಶಾನದ ಗೇಟಿನಲ್ಲಿ ಒಂದು ಗಂಟೆ ಜಗಳವಾಯಿತು. 'ಕಲಾವಿದ' ಎನ್ನಬೇಕೆಂದು ನಾನಂದೆ. ಪಾಶಾ ಅತ್ತೆ ಬೇಡವೆಂದು ಕೈಯಾಡಿಸಿಬಿಟ್ಟಳು.

"ಕಲಾವಿದರು ಈ ಊರಲ್ಲಿ ಬೀದಿಗೆ ಹತ್ತು ಜನ ಇದಾರೆ ಕಣಮ್ಮ. 'ಹೇಳಿದ ಮಾತು ಕೇಳ್ತಿದ್ದ' ಅಂತ ಬರೆಸು."

ಕಲ್ಲು ಕೆತ್ತುವವನು, ಹಾಗೆಲ್ಲ ಬರೆಯಲು ಮೇಲಿನಿಂದ ಅನುಮತಿ ಬೇಕು ಎಂದ. ಅನುಮತಿ ಕೇಳಲು ಯಾರೂ ಹೋಗಲಿಲ್ಲ. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಅಷ್ಟೇ ಕೆತ್ತಿದ. ಓದು ಬಾರದ ಪಾಶಾ ಅತ್ತೆ ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರವನ್ನೂ ಅವನಿಂದ ಎರಡೆರಡು ಸಲ ಓದಿಸಿಕೊಂಡಳು.